ಚಿಕ್ಕಮ್ಮನನ್ನು ನೋಡಿ ನಕ್ಕದ್ದು

ಮಾರಾಟವಾಗದ ಕ್ಲಿಪ್ಪುಗಳೆಲ್ಲ ನನ್ನ ಚಿಕ್ಕಮ್ಮನ ತಲೆಯಲ್ಲಿರುತ್ತಿದ್ದವು. ಒಂದು ಕಡೆ ನೇರಳೆ ಚಿಟ್ಟೆ, ಇನ್ನೊಂದು ಕಡೆ ಮಿಣಮಿಣ ಮಿನುಗುವ ಸ್ಟ್ರಾಬೆರಿ. ಆಲಂಕಾರು ಪೇಟೆಯಲ್ಲಿ ಅವಳದ್ದೊಂದು ಫ್ಯಾನ್ಸಿ ಅಂಗಡಿ. "ನಾನೇ ಹಾಕದಿದ್ದರೆ ಬೇರೆಯವರು ಯಾಕೆ ತಗೊಳ್ಳುದು?" ಎನ್ನುತ್ತಿದ್ದಳು. ಅವಳ ತಲೆ ನೋಡಿದ ಮೇಲೆ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ, ಅದು ಬೇರೆ ಮಾತು.

ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ಅಮ್ಮ ತೀರಿಕೊಂಡಳು. ಅಕ್ಕನ ಉತ್ತರಕ್ರಿಯೆಯ ಬೊಜ್ಜಕ್ಕೆ ಬಂದ ಚಿಕ್ಕಮ್ಮ ನನಗಾಗಿ ನಮ್ಮ ಮನೆಯಲ್ಲೇ ಉಳಿದಳು. ಮದುವೆಯಾಗದ ನಾದಿನಿ, ಹೆಂಡತಿ ಸತ್ತ ಭಾವ. ಊರವರ ಬಾಯಿಗೆ ಇಷ್ಟು ಸಾಕಲ್ಲ! ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ.

ನಾನು ಮೊದಲ ಸಲ ಮುಟ್ಟಾದ ದಿನ ಅಂಗಡಿಗೆ ಬಾಗಿಲು ಹಾಕಿ ಓಡಿಬಂದಳು. ಪ್ಯಾಡನ್ನು ದಿಂಬಿಗೆ ಅಂಟಿಸಿ ಪಾಠ ಶುರು ಮಾಡಿದಳು. ಅಷ್ಟರಲ್ಲಿ ಅಪ್ಪ ಒಳಗೆ ಬಂದರು.

"ಎಂತ ನೋಡುದು ಭಾವ? ದಿಂಬಿಗೆ ಹುಷಾರಿಲ್ಲ!"

ಅಪ್ಪ ಬಂದ ದಾರಿಯಲ್ಲೇ ಅಂಗಳಕ್ಕೆ ಓಡಿದರು. ಅಮ್ಮ ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಪುತ್ತೂರಿನಲ್ಲಿ ಡಿಗ್ರಿ ಓದುವಾಗ ಗೆಳತಿಯರ ಜತೆ ಸೇರಿ ಒಂದು ಸಣ್ಣ ಸಿನಿಮಾ ಮಾಡಿದೆ. ಅಮ್ಮ ಸತ್ತ ಹುಡುಗಿ ದೊಡ್ಡವಳಾಗುವ ಕಥೆ, ಆದರೆ ತಮಾಷೆಯದ್ದು. ತಮಾಷೆಯನ್ನೆಲ್ಲ ಚಿಕ್ಕಮ್ಮನ ತಲೆಗೇ ಕಟ್ಟಿದೆ. ಕ್ಲಿಪ್ಪು, ದಿಂಬು, ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅವಳು ಗಟ್ಟಿಯಾಗಿ ರಾಗ ಎಳೆಯುವುದು, ಅಪ್ಪ ಹೊರಗಿನಿಂದ ಬಾಗಿಲು ಬಡಿಯುವುದು. ಕಾಲೇಜಿನ ಹಾಲ್ ಬಿದ್ದು ಬಿದ್ದು ನಕ್ಕಿತು. ಹೊಸ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದ ಚಿಕ್ಕಮ್ಮನೂ ನಕ್ಕಳು. ನಾನು ಉಬ್ಬಿಹೋದೆ.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ, "ಹೇಗೆ ಉಂಟು?"

"ಲಾಯ್ಕುಂಟು ಮಗಾ. ಎಲ್ಲ ಉಂಟು. ನಾನು ಅತ್ತದ್ದೊಂದು ಇಲ್ಲ."

"ನೀನು ಅತ್ತದ್ದು ಯಾವಾಗ? ನಾನು ನೋಡಲೇ ಇಲ್ಲ."

"ನಿನಗೆ ಕಾಣಬಾರದು ಅಂತ ತಾನೆ ಬಚ್ಚಲಿಗೆ ಹೋದದ್ದು. ನಲ್ಲಿ ಬಿಟ್ಟದ್ದು, ಹಾಡಿದ್ದು ಎಲ್ಲ ಅದಕ್ಕೇ. ನನಗೆ ಅಕ್ಕ ಅಲ್ವಾ ಅವಳು?"

ಇಷ್ಟು ಹೇಳಿ ಚೀಲದಿಂದ ನೆಲಗಡಲೆ ತೆಗೆದು ನನ್ನ ಕೈಗೆ ಹಾಕಿದಳು. ಛೆ, ನನ್ನ ಬುದ್ಧಿಗಿಷ್ಟು! ಆ ಮನೆಯಲ್ಲಿ ದುಃಖ ನನ್ನೊಬ್ಬಳದ್ದೇ ಎಂದುಕೊಂಡಿದ್ದೆ. ಅವಳ ಅಕ್ಕನೂ ಸತ್ತಿದ್ದಾಳೆ ಎಂಬುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ. ಮೇಲಿಂದ ಅವಳ ಅಳುವಿಗೆ ಊರೆಲ್ಲ ನಗುವ ಹಾಗೆ ಮಾಡಿದೆ.

"ಒಂದು ಸೀನ್ ಸೇರಿಸುತ್ತೇನೆ" ಎಂದೆ.

"ಸೇರಿಸು. ಅರ್ಜೆಂಟೆಂತ ಇಲ್ಲ."

ಪರೀಕ್ಷೆ, ಕೆಲಸ ಎಂದು ಮುಂದೂಡುತ್ತಲೇ ಇದ್ದೆ. ಹೋದ ವರ್ಷ ಜ್ವರವೆಂದು ಆಸ್ಪತ್ರೆಗೆ ಸೇರಿದ ಚಿಕ್ಕಮ್ಮ ತಿರುಗಿ ಬರಲಿಲ್ಲ.

ಎಲ್ಲ ಮುಗಿದ ಮೇಲೆ, ಅವಳ ಪಾತ್ರ ಮಾಡಿದ್ದ ಗೆಳತಿಯನ್ನು ಮನೆಗೆ ಕರೆಸಿದೆ. ನಮ್ಮ ಬಚ್ಚಲಿನಲ್ಲೇ ಕ್ಯಾಮೆರಾ ಇಟ್ಟೆ. ಅವಳು ಕೇಳಿದಳು, "ಅಳುದು ಹೇಗೆ ಮಾರಾಯ್ತಿ? ಬಾಯಿ ಮುಚ್ಚಿಕೊಂಡಾ? ಗೋಡೆಗೆ ಒರಗಿಯಾ? ನಿನ್ನ ಚಿಕ್ಕಮ್ಮ ಹೇಗೆ ಅಳ್ತಿದ್ರು, ಒಮ್ಮೆ ತೋರಿಸು."

ಅಷ್ಟು ವರ್ಷ ಒಂದೇ ಸೂರಿನಡಿ ಇದ್ದವಳು ನಾನು. ನನಗೆ ಗೊತ್ತಿರಲಿಲ್ಲ.