ಬಣ್ಣ ಹೋದ ಕಣ್ಣು

ಆ ದಿನ ಮ್ಯೂಸಿಯಮ್ಮಿನಲ್ಲಿ ಆಕೆ ನೀಲಿ ಸ್ವೆಟರ್ ಹಾಕಿದ್ದರು ಎಂದು ಮೊದಲ ಸಲ ಬರೆದಿದ್ದೆ. ಎರಡನೆಯ ಸಲ ಅದನ್ನು ಹೊಡೆದುಹಾಕಿ ಕಂದು ಶಾಲು ಎಂದು ಮಾಡಿದೆ. ನಿಜವಾಗಿ ಎರಡೂ ನೆನಪಿಲ್ಲ. ನೆನಪಿರುವುದು ಜನ ನಕ್ಕದ್ದು, ಮತ್ತು ಆ ನಗುವನ್ನು ಎಬ್ಬಿಸಿದವನು ನಾನು ಎನ್ನುವುದು. ಉಳಿದದ್ದನ್ನೆಲ್ಲ ಆ ನಗುವಿನ ಸುತ್ತ ಆಮೇಲೆ ಕಟ್ಟಿಕೊಂಡಿದ್ದೇನೆ. ಓದುವವರು ನನ್ನ ಮೇಲೆ ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದುವುದು ಒಳ್ಳೆಯದು.

ನಾನಿರುವುದು ಕೆನಡಾದಲ್ಲಿ, ಟೊರಾಂಟೋ ಪಕ್ಕದ ಪಿಕರಿಂಗ್‌ನಲ್ಲಿ. ಕಾರಿನ ಬಾಗಿಲುಗಳಿಗೆ ಬಳಿದ ಬಣ್ಣವನ್ನು ಪರೀಕ್ಷಿಸುವುದು ನನ್ನ ನೌಕರಿ. ಉಳಿದ ಹೊತ್ತಿನಲ್ಲಿ ಬರೆಯುತ್ತೇನೆ, ಕಲೆಯ ಪುಸ್ತಕಗಳನ್ನು ಓದುತ್ತೇನೆ. ಅಷ್ಟಕ್ಕೇ ಇಲ್ಲಿನ ಕನ್ನಡದವರ ನಡುವೆ ‘ಆರ್ಟ್ ಗೊತ್ತಿರೋರು’ ಎಂದು ಹೆಸರಾಗಿದೆ. ವರ್ಷಕ್ಕೊಂದು ಸಲ, ಚಳಿಗಾಲದ ಒಂದು ಭಾನುವಾರ, ಹತ್ತು ಹನ್ನೆರಡು ಜನರನ್ನು ಟೊರಾಂಟೋದ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿ, ಪ್ರಾಚೀನ ಏಜಿಯನ್, ಗ್ರೀಕ್, ರೋಮನ್ ಕಲೆಯ ಕೋಣೆಗಳಲ್ಲಿ ಕನ್ನಡದಲ್ಲಿ ಮಾತಾಡುತ್ತಿದ್ದೆ. ಮಾತು ನನಗೆ ಬಾಯಿಪಾಠ. ಏಜಿಯನ್ನರದು ಕಲೆಯ ಬಾಲ್ಯ, ಗ್ರೀಕರದು ಯೌವನ, ರೋಮನ್ನರದು ಮುಪ್ಪು ಎಂದು ಮೂರು ಮೆಟ್ಟಿಲು ಮಾಡಿಕೊಂಡಿದ್ದೆ. ಬರವಣಿಗೆಯಲ್ಲಿ ಇಂಥ ಮೆಟ್ಟಿಲುಗಳನ್ನು ಕಂಡರೆ ನನಗಾಗದು. ಆದರೆ ಹನ್ನೆರಡು ಜನ ತಲೆಯೆತ್ತಿ ಕೇಳುತ್ತಿರುವಾಗ ಮೆಟ್ಟಿಲೇ ಅನುಕೂಲ.

ಆ ವರ್ಷದ ಗುಂಪಿನಲ್ಲಿ ಹತ್ತಿರದ ಒಶಾವಾ ಊರಿನಿಂದ ಮಗಳೊಂದಿಗೆ ಬಂದ ಒಬ್ಬ ಹೆಂಗಸಿದ್ದರು. ಅರವತ್ತು ದಾಟಿದವರು. ಊರು ಕೊಪ್ಪಳದ ಹತ್ತಿರದ ಕಿನ್ನಾಳ. ಕಟ್ಟಿಗೆಯ ಗೊಂಬೆ, ದೇವರ ಮೂರ್ತಿಗಳನ್ನು ಮಾಡಿ ಬಣ್ಣ ಹಾಕುವ ಚಿತ್ರಗಾರರ ಮನೆತನ. ನಮ್ಮ ಶನಿವಾರದ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಬಣ್ಣದ ಕೆಲಸ ಕಲಿಸುತ್ತೇನೆ ಎಂದು ಅವರು ಕೇಳಿದ್ದರು. ಶಾಲೆಯ ಕಾರ್ಯದರ್ಶಿ ನನಗೆ ಫೋನು ಮಾಡಿ, “ಸರ್, ಟೂರಲ್ಲಿ ಅವರನ್ನ ಮಾತಾಡಿಸಿ ನೀವೇ ಒಂದು ಒಪಿನಿಯನ್ ಕೊಟ್ಬಿಡಿ. ನಮಗೆಲ್ಲ ಆರ್ಟ್ ಏನ್ ಗೊತ್ತಾಗುತ್ತೆ?” ಎಂದಿದ್ದರು. ಆಕೆಗೂ ಇದು ಗೊತ್ತಿತ್ತು. ಆದ್ದರಿಂದ ನಾವೆಲ್ಲ ಸುತ್ತಾಡಲು ಬಂದಿದ್ದರೆ ಅವರು ಪರೀಕ್ಷೆಗೆ ಬಂದಿದ್ದರು.

ಮೊದಲ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಗೇಣುದ್ದದ ಒಂದು ಹೆಣ್ಣು ಬೊಂಬೆ ಇತ್ತು. ಬಿಳಿ ಅಮೃತಶಿಲೆ. ಗ್ರೀಸಿನ ಪಕ್ಕದ ಏಜಿಯನ್ ಸಮುದ್ರದ ಸಣ್ಣ ದ್ವೀಪಗಳಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಕಡೆದದ್ದು. ಹೊಟ್ಟೆಯ ಮೇಲೆ ಮಡಚಿದ ಕೈ, ಗುರಾಣಿಯಂಥ ಮುಖ, ಆ ಮುಖದಲ್ಲಿ ಉದ್ದನೆಯ ಮೂಗೊಂದೇ. ಕಣ್ಣಿಲ್ಲ, ಬಾಯಿಲ್ಲ. ನನಗೆ ಪ್ರಪಂಚದಲ್ಲೇ ಬಹಳ ಇಷ್ಟವಾದ ವಸ್ತು ಅದು. ನಾನು ಬರೆಯಬೇಕೆಂದುಕೊಂಡು ಬರೆಯಲಾಗದ ಬರವಣಿಗೆಯ ಹಾಗೆ ಇದೆ ಎಂದು ಅದರ ಮುಂದೆ ಯಾವಾಗಲೂ ಅನ್ನಿಸುತ್ತಿತ್ತು.

“ನೋಡಿ, ಕಡೆದವನು ಬೇಡದ್ದನ್ನೆಲ್ಲ ಬಿಟ್ಟಿದಾನೆ. ಕಣ್ಣು ಕೂಡ ಬೇಡ ಅಂದಿದಾನೆ. ನಮ್ಮ ಕಾಲದ ಕಲಾವಿದರು ಇಷ್ಟು ಧೈರ್ಯಕ್ಕೆ ಬರೋಕೆ ಮೊನ್ನೆ ಮೊನ್ನೆವರೆಗೂ ಕಾಯಬೇಕಾಯ್ತು” ಎಂದೆ.

ಆಕೆ ಪೆಟ್ಟಿಗೆಯ ಪಕ್ಕಕ್ಕೆ ಹೋಗಿ ಕುಕ್ಕರುಗಾಲಿನಲ್ಲಿ ಕೂತರು. ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ಒಂದು ಕಣ್ಣು ಮುಚ್ಚಿ ನೋಡಿದರು. ಕಾವಲಿನವನು ಎರಡು ಹೆಜ್ಜೆ ಹತ್ತಿರ ಬಂದ.

“ಸರ್ರ, ಇದಕ್ಕ ಕಣ್ಣು ಅದಾವ್ರಿ” ಎಂದರು.

“ಇಲ್ಲಮ್ಮ. ಬೇಕಂತಲೇ ಬಿಟ್ಟಿರೋದು.”

“ಬಿಟ್ಟಿಲ್ರಿ. ಬಣ್ಣದಾಗ ಬರದಿದ್ರು, ಬಣ್ಣ ಹೋಗೇತಿ. ಬಣ್ಣ ಇದ್ದ ಜಾಗಾ ಸವದಿಲ್ಲ, ಸುತ್ತಲಿಂದು ಸವದೇತಿ. ಇಲ್ಲಿಂದ ನೋಡ್ರಿ, ಬಾದಾಮಿ ಹಂಗ ಉಬ್ಬಿ ಕಾಣತೇತಿ. ನಮ್ಮಲ್ಲಿ ಹಳೇ ದೇವರನ್ನ ಬಣ್ಣ ಹಾಕಾಕ ತಂದಾಗ ಕಟ್ಟಿಗಿ ಮ್ಯಾಲೂ ಹಿಂಗ ಇರ್ತೇತ್ರಿ.”

ಎಲ್ಲರೂ ನನ್ನ ಕಡೆ ನೋಡಿದರು. ನಾನು ಕುಕ್ಕರಿಸಿ ಅವರು ಹೇಳಿದ ಕಡೆಯಿಂದ ನೋಡಬಹುದಿತ್ತು. ಅರ್ಧ ನಿಮಿಷದ ಕೆಲಸ. ಅದರ ಬದಲು, “ಇವರನ್ನ ಒಂದು ಗಂಟೆ ಇಲ್ಲಿ ಬಿಟ್ರೆ ಇದಕ್ಕೂ ಕುಂಕುಮ ಇಟ್ಟು, ಸೀರೆ ಉಡಿಸಿ, ಆರತಿ ಎತ್ಬಿಡ್ತಾರೆ!” ಎಂದೆ.

ಜನ ನಕ್ಕರು. ಮೈಸೂರಿನ ಸಾಫ್ಟ್‌ವೇರಿನವರೊಬ್ಬರು, “ಉಡಿಸಲಿ ಬಿಡಿ ಸಾರ್, ಟೊರಾಂಟೋ ಚಳೀಲಿ ಪಾಪ ಬರಿ ಮೈಯಲ್ಲಿ ನಿಂತಿದೆ” ಎಂದು ಇನ್ನಷ್ಟು ನಗಿಸಿದರು. ಆಕೆಯೂ ನಕ್ಕರು ಎಂದು ಬಹಳ ದಿನ ನಂಬಿದ್ದೆ. ಅವರ ಮುಖದ ಮೇಲಿನ ಆ ನಗುವನ್ನು ವಿವರವಾಗಿ ಬರೆದೂ ಇದ್ದೆ. ಅದು ನನ್ನ ಅನುಕೂಲಕ್ಕೆ ನಾನು ಬಿಡಿಸಿದ ನಗು ಎಂದು ಈಗ ಅನುಮಾನ.

ಮುಂದಿನ ಕೋಣೆಗಳಲ್ಲಿ ಅವರು ಹೆಚ್ಚು ಮಾತಾಡಲಿಲ್ಲ. ಗ್ರೀಕ್ ಹೂಜಿಗಳ ಮುಂದೆ, ಮೊದಲು ಕೆಂಪು ಮಣ್ಣಿನ ಮೇಲೆ ಕಪ್ಪು ಆಕೃತಿ ಬರೆಯುತ್ತಿದ್ದರು, ಆಮೇಲೆ ಹಿನ್ನೆಲೆಯನ್ನೇ ಕಪ್ಪು ಮಾಡಿ ಆಕೃತಿಯನ್ನು ಕೆಂಪಾಗಿ ಬಿಟ್ಟರು ಎಂದು ವಿವರಿಸಿದೆ. ರೋಮನ್ ಕೋಣೆಯಲ್ಲಿ, ಗ್ರೀಕರ ಕಂಚಿನ ಮೂರ್ತಿಯನ್ನು ರೋಮನ್ನರು ಕಲ್ಲಿನಲ್ಲಿ ನಕಲು ಮಾಡಿದ ಒಬ್ಬ ಯುವಕ ನಿಂತಿದ್ದ. ಅವನ ಕಾಲಿಗೆ ಅಂಟಿಕೊಂಡು ಒಂದು ಮರದ ಬೊಡ್ಡೆ. ಅದು ಯಾಕೆ ಎಂದು ಯಾರೋ ಕೇಳಿದರು. ಕಾಡಿನ ಸೂಚನೆ ಇರಬಹುದು ಎಂದೆ. ಆಕೆ ಮಗಳಿಗೆ ಮಾತ್ರ ಕೇಳುವಂತೆ, “ಕಲ್ಲು ಭಾರ, ಕಾಲು ಸಣ್ಣವು. ಆಧಾರ ಕೊಟ್ಟಾರ” ಎಂದರು. ನನಗೂ ಕೇಳಿಸಿತು. ಕೇಳಿಸದವನಂತೆ ಮುಂದೆ ನಡೆದೆ.

ಮರುದಿನ ಊಟದ ಬಿಡುವಿನಲ್ಲಿ ಕಾರ್ಯದರ್ಶಿಯ ಫೋನು ಬಂತು. “ಹೆಂಗಿದಾರೆ ಸರ್?” ನಾನು ಹೇಳಿದ್ದು ಇಷ್ಟು: “ಕೈಕೆಲಸ ಗೊತ್ತಿದೆ. ಆದರೆ ಕಲೆ ಕಲಿಸೋಕೆ ನೋಡೋ ಕಣ್ಣು ಬೇಕಲ್ವಾ?” ಈ ಮಾತನ್ನು ನಾನು ಹೇಗೆ ತಿದ್ದಿದರೂ ಬದಲಾಗುವುದಿಲ್ಲ. ಅವರು, “ಹಾಗಾದ್ರೆ ಕ್ಲಾಸ್ ನೀವೇ ತಗೊಳಿ ಸರ್” ಎಂದರು. ತೆಗೆದುಕೊಂಡೆ.

ಪಾಠಕ್ಕೆ ತಯಾರಾಗುವಾಗ ಲೈಬ್ರರಿಯ ಒಂದು ಪುಸ್ತಕದಲ್ಲಿ ಆ ದ್ವೀಪಗಳ ಬೊಂಬೆಗಳ ಫೋಟೋ ಸಿಕ್ಕಿತು. ಅವಕ್ಕೆ ಬಣ್ಣದಲ್ಲಿ ಕಣ್ಣು, ಹುಬ್ಬು, ಕೂದಲು ಬರೆಯುತ್ತಿದ್ದರು. ಬಣ್ಣ ಉದುರಿಹೋದ ಮೇಲೂ ಬಣ್ಣ ಕಾಪಾಡಿದ ಕಲ್ಲು ಸುತ್ತಲಿನದಕ್ಕಿಂತ ಕೂದಲೆಳೆಯಷ್ಟು ಉಬ್ಬಿ ಉಳಿಯುತ್ತದೆ. ಪಕ್ಕದಿಂದ ಬೆಳಕು ಹಾಯಿಸಿದರೆ ಕಾಣುತ್ತದೆ ಎಂದಿತ್ತು. ಮುಂದಿನ ಪುಟಗಳಲ್ಲಿ ಗ್ರೀಕ್ ಮತ್ತು ರೋಮನ್ ಮೂರ್ತಿಗಳ ಬಣ್ಣಗಳೂ ಇದ್ದವು. ಬಿಳುಪು ಅವರ ಆಯ್ಕೆಯಾಗಿರಲಿಲ್ಲ. ಮಳೆ, ಮಣ್ಣು, ಆಮೇಲೆ ತಿಕ್ಕಿ ತೊಳೆದವರ ಕೆಲಸ. ಬರಿಯ ಬಿಳಿ ಕಲ್ಲನ್ನು ನಂಬಿ ಕಟ್ಟಿದ್ದ ನನ್ನ ಮೂರೂ ಮೆಟ್ಟಿಲು ಒಟ್ಟಿಗೆ ಕುಸಿದವು.

ಪಕ್ಕದಿಂದ ಬೆಳಕು. ಫ್ಯಾಕ್ಟರಿಯಲ್ಲಿ ಪ್ರತಿ ದಿನ ನಾನು ಮಾಡುವುದೂ ಅದನ್ನೇ. ಬಾಗಿಲನ್ನು ನೇರ ನೋಡಿದರೆ ಬಣ್ಣದ ತಪ್ಪು ಕಾಣುವುದಿಲ್ಲ. ದೀಪವನ್ನು ಓರೆ ಹಿಡಿದು, ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಬೇಕು. ಸಂಬಳಕ್ಕಾಗಿ ಬಗ್ಗುವವನು ಆ ಬೊಂಬೆಯ ಮುಂದೆ ಬಗ್ಗಿರಲಿಲ್ಲ.

ಒಬ್ಬನೇ ಮ್ಯೂಸಿಯಮ್ಮಿಗೆ ಹೋದೆ. ಅವರು ಕೂತ ಜಾಗದಲ್ಲೇ ಕುಕ್ಕರಿಸಿದೆ. ಕಣ್ಣು ಕಂಡವು ಎಂದು ಬರೆದರೆ ಚೆನ್ನಾಗಿರುತ್ತದೆ. ಕಾಣಲಿಲ್ಲ. ಗಾಜಿನಲ್ಲಿ ಮೇಲಿನ ದೀಪ, ನನ್ನ ಜಾಕೆಟ್ಟು, ಹಿಂದೆ ಮಗುವಿನ ಗಾಡಿ ತಳ್ಳುವ ಒಬ್ಬ ಹೆಂಗಸು, ಇಷ್ಟೇ ಕಂಡದ್ದು. ಮಂಡಿ ನೋವು ಬಂದು ಎದ್ದೆ.

ಆಮೇಲೆ ಮಾಡಿದ್ದು ಇದೆಲ್ಲಕ್ಕಿಂತ ಕೆಟ್ಟದ್ದು. ಯುಗಾದಿಯ ಕಾರ್ಯಕ್ರಮದಲ್ಲಿ ನನ್ನದೊಂದು ಭಾಷಣವಿತ್ತು. ಪರದೆಯ ಮೇಲೆ ಆ ಬೊಂಬೆಯ ಚಿತ್ರ ಹಾಕಿ, “ನಾನು ಒಂದಿನ ಇದರ ಪಕ್ಕದಲ್ಲಿ ಮಂಡಿಯೂರಿ ನೋಡ್ದೆ. ಬಾದಾಮಿ ಆಕಾರದಲ್ಲಿ, ಮೆಲ್ಲಗೆ ಎರಡು ಕಣ್ಣು ಎದ್ದು ಬಂದವು” ಎಂದೆ. ಬಾದಾಮಿ ಎನ್ನುವ ಪದ ಕೂಡ ಅವರದು. ಚಪ್ಪಾಳೆ ಜೋರಾಗಿತ್ತು. ಮೂರನೆಯ ಸಾಲಿನಲ್ಲಿ ಆಕೆ ಕೂತಿದ್ದು ದೀಪ ಹಾಕಿದ ಮೇಲೆ ಕಾಣಿಸಿತು.

ಊಟದ ಸಾಲಿನಲ್ಲಿ ಎದುರಾದರು. ತಟ್ಟೆಯಲ್ಲಿ ಒಬ್ಬಟ್ಟು. “ಚಲೋ ಹೇಳಿದ್ರಿ ಸರ್ರ. ನಿಮಗೂ ಕಂಡ್ವಲ್ಲ, ಅಷ್ಟು ಸಾಕು” ಎಂದರು. ಅದು ಚುಚ್ಚುಮಾತೋ ನಿಜವಾದ ಸಂತೋಷವೋ ನನಗೆ ತಿಳಿಯಲಿಲ್ಲ. ಚುಚ್ಚುಮಾತಾಗಿದ್ದರೆ ಒಳ್ಳೆಯದಿತ್ತು. ಸಂತೋಷವಾಗಿದ್ದರೆ ನಾನು ಕಾಣದ್ದನ್ನು ಕಂಡೆನೆಂದು ಅವರಿಗೇ ಸುಳ್ಳು ಹೇಳಿದಂತಾಗಿತ್ತು.

ಕಾರ್ಯದರ್ಶಿಗೆ ಫೋನು ಮಾಡಿ, ಕ್ಲಾಸನ್ನು ಆಕೆಗೆ ಕೊಡಿ, ನನ್ನ ಒಪಿನಿಯನ್ ತಪ್ಪು ಎಂದೆ. “ಅಯ್ಯೋ, ಆಗಲ್ಲ ಸರ್” ಎಂದರು ಅವರು. “ಅವರ ಕೈ ನಡುಗುತ್ತಂತಲ್ಲ? ಪೇರೆಂಟ್ಸಿಗೆಲ್ಲ ಗೊತ್ತು. ಬ್ರಶ್ಶೇ ಹಿಡಿಯೋಕಾಗ್ದೇ ಇರೋರು ಏನ್ ಕಲಿಸ್ತಾರೆ ಅಂತಾರೆ.”

ಒಶಾವಾಕ್ಕೆ ಹೋದೆ. ಮಧ್ಯಾಹ್ನ, ಆಕೆ ಅಡುಗೆಮನೆಯ ಮೇಜಿನ ಮೇಲೆ ಪೇಪರು ಹಾಸಿಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಒಂದೊಂದೇ ಎಲೆ, ದಂಟು ತಾಗದ ಹಾಗೆ. ಕೈ ನಡುಗುವ ಮಾತೆತ್ತಿದಾಗ ಮಗಳು ಫ್ರಿಜ್ಜಿನ ಹತ್ತಿರ ನಿಂತಲ್ಲೇ ಹೇಳಿದರು: “ನಾನ ಹಂಗ ಹೇಳಿದ್ದು ಸರ್. ಸೆಲೆಕ್ಟ್ ಆಗ್ಲಿಲ್ಲ ಅನ್ನಾಕ ನನಗ ಇನ್ಸಲ್ಟ್ ಆತು. ಮಮ್ಮಿಗೆ ಹುಷಾರಿಲ್ಲ, ಕೈ ನಡುಗ್ತಾವು ಅಂದೆ. ಎಲ್ಲರೂ ಸುಮ್ಮನಾದ್ರು.”

ಆಕೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. “ಕೈ ನಡುಗಿದ್ದು ನಮ್ಮಪ್ಪಂದು” ಎಂದರು. “ನಮ್ಮಲ್ಲಿ ಕಣ್ಣು ಕಡೀಕ ಬರೀತಾರ್ರಿ. ಅಲ್ಲೀತನಾ ಅದು ಕಟ್ಟಿಗಿ. ಮನ್ಯಾಗ ಅದು ಹಿರ್ಯಾನ ಕೆಲಸ. ಅಪ್ಪಗ ಆಗಲಾರದಂಗ ಆದಮ್ಯಾಲ ಬಾಗಲಾ ಹಾಕ್ಕೊಂಡು ನಾನ ಬರೀತಿದ್ದೆ. ಮಂದಿಗೆ ಗೊತ್ತಿರಲಿಲ್ಲ. ಅಪ್ಪನ ಕೈ ಅಂದ್ರ ಕೈ ಅಂತಿದ್ರು. ನಾ ಸುಮ್ನ ಇದ್ದೆ, ಅಪ್ಪ ಅಲ್ಲೇನ್ರಿ?”

ಆಮೇಲೆ ಬಲಗೈಯನ್ನು ಮೇಜಿನ ಮೇಲೆ ಚಾಚಿದರು. ಬೆರಳಿಗೆ ಸೊಪ್ಪಿನ ಹಸಿರು ಮೆತ್ತಿತ್ತು. ನಾವು ಮೂವರೂ ಅದನ್ನು ನೋಡಿದೆವು. ಅದು ಅಲುಗಲಿಲ್ಲ.

“ಆ ಗೊಂಬಿ ಕಣ್ಣಿನ ಮಾತು ನೀವ ಇಟ್ಕೋರಿ. ಯಾರು ನೋಡಿದ್ರೇನು. ನನ್ನ ಕೈ ನಡಗೂದಿಲ್ಲ ಅಂತ ಆ ಮಂದಿಗೆ ಹೇಳ್ರಿ. ಅದೊಂದು ಹೇಳ್ರಿ. ಕ್ಲಾಸ್ ಕೊಡೂದು ಬಿಡೂದು ಆಮ್ಯಾಲ.”

ಆಗಲಿ ಎಂದೆ.

ಮುಂದಿನ ಶನಿವಾರ ಆಕೆಯೂ ಮಗಳೂ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ತರಗತಿ ಮುಗಿಯುವ ಹೊತ್ತಿಗೆ ಅಪ್ಪ ಅಮ್ಮಂದಿರು ಮಕ್ಕಳನ್ನು ಕರೆದೊಯ್ಯಲು ಒಳಗೆ ಬಂದಾಗ, ಐದು ನಿಮಿಷ ನಿಲ್ಲಿ ಎಂದು ಕೇಳಿಕೊಂಡು ಹೇಳಲು ತೊಡಗಿದೆ. ಆ ಬೊಂಬೆಯ ಕಣ್ಣು ನಾನು ಕಂಡದ್ದಲ್ಲ. ಕಂಡವರು ಅಲ್ಲಿ ಕೂತಿದ್ದಾರೆ. ನಾನು ಅವರನ್ನು ನಗೆಪಾಟಲು ಮಾಡಿದೆ, ಅವರ ಮಾತನ್ನೇ ಕದ್ದು ಭಾಷಣ ಮಾಡಿದೆ. ಇಲ್ಲಿಯವರೆಗೆ ಸರಿಯಾಗಿತ್ತು. ಆಮೇಲೆ ನನ್ನ ದನಿ ನನಗೇ ಕೇಳಿಸತೊಡಗಿತು. ಅಹಂಕಾರ ಎಂದೆ. ನೋಡುವುದೆಂದರೆ ಬಗ್ಗುವುದು ಎಂದೆ. ಒಂದು ಕಡೆ ತಡೆದು ನಿಂತೆ, ಆ ತಡೆಯೂ ಸರಿಯಾದ ಜಾಗದಲ್ಲೇ ಬಿತ್ತು. ಯಾರದೋ ಕಣ್ಣು ಒದ್ದೆಯಾಯಿತು. ಮುಗಿಸಿದಾಗ ಚಪ್ಪಾಳೆ. “ಎಷ್ಟು ದೊಡ್ಡ ಮನಸ್ಸು ಸಾರ್ ನಿಮ್ದು, ಯಾರ್ ಹೀಗೆ ಒಪ್ಕೋತಾರೆ?” ಎಂದು ಮೈಸೂರಿನವರು ಕೈ ಕುಲುಕಿದರು. ನನಗೆ ಸಮಾಧಾನವಾಯಿತು. ಆ ಸಮಾಧಾನವನ್ನು ಇಲ್ಲಿ ಬಿಟ್ಟುಬಿಡಬಹುದಿತ್ತು, ಬಿಡುವುದಿಲ್ಲ.

ಆಕೆ ಕೋಟು ಹಾಕಿಕೊಂಡು ನನ್ನ ಹತ್ತಿರ ಬಂದರು.

“ನನ್ನ ಕೈ ಮಾತು ಹೇಳಲಿಲ್ರಿ ಸರ್ರ.”

ಅವರು ಕೇಳಿದ್ದು ಅದೊಂದನ್ನೇ. ತಿರುಗಿ ನೋಡಿದರೆ ಕೋಣೆಯಲ್ಲಿ ಮೂರು ನಾಲ್ಕು ಜನ ಉಳಿದಿದ್ದರು. ಉಳಿದವರು ಹೊರಗಿನ ಕಾರಿಡಾರಿನಲ್ಲಿ ಬಗ್ಗಿ ಮಕ್ಕಳಿಗೆ ಬೂಟು ಹಾಕುತ್ತಿದ್ದರು, ಒಂದು ಗ್ಲೌಸು ಕಾಣುತ್ತಿಲ್ಲ ಎಂದು ಯಾರೋ ಬಯ್ಯುತ್ತಿದ್ದರು. ನಾನು ಬಾಗಿಲಿಗೆ ಓಡಿ, “ಒಂದ್ನಿಮಿಷ! ಇವರ ಕೈ ನಡುಗೋದಿಲ್ಲ!” ಎಂದು ಕೂಗಿದೆ. ಹಿಂದೆ ಮುಂದೆ ಏನೂ ಇಲ್ಲದೆ, ಅಷ್ಟೇ. ಕೆಲವರು ತಲೆಯೆತ್ತಿ ನೋಡಿದರು. ಒಬ್ಬಾಕೆ ಮಗುವಿನ ಜಿಪ್ಪು ಎಳೆಯುತ್ತಲೇ, “ಯಾರ್ ಕೈ ಸಾರ್?” ಎಂದು ಕೇಳಿದರು.

ಉತ್ತರ ಕೊಡಲು ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆಯೇ ನನ್ನನ್ನು ದಾಟಿ ಮುಂದೆ ಹೋದರು. “ನಂದ್ರಿ” ಎಂದರು.