ಪೊರಕೆಗೂ ಪೂಜೆ, ತರಗೆಲೆಗೂ ರಜೆ

ಆಯುಧಪೂಜೆಯ ಆ ಬೆಳಗೂ ನಮ್ಮ ಮನೆಯಲ್ಲಿ ಉಳಿದೆಲ್ಲ ಬೆಳಗುಗಳ ಹಾಗೆಯೇ ಶುರುವಾಯಿತು. ಬಾಗಿಲಿಗೆ ಸಗಣಿನೀರು ಹಾಕಿ ರಂಗೋಲಿ ಬಿಟ್ಟೆ, ಹಾಲು ಕಾಯಿಸಿದೆ, ಡಿಕಾಕ್ಷನ್ ಇಳಿಯುವವರೆಗೂ ಅದರ ಮುಂದೆ ನಿಂತು ಆಕಳಿಸಿದೆ. ನಮ್ಮ ಯಜಮಾನರು ಏಲಕ್ಕಿ ಮಂಡಿಯ ತಕ್ಕಡಿಗಳನ್ನು ಹುಣಸೆಹಣ್ಣಿನಲ್ಲಿ ಉಜ್ಜುತ್ತ, ಈ ಮನೆಯಲ್ಲಿ ದುಡಿಯುವವನು ತಾನೊಬ್ಬನೇ ಎಂಬ ಮುಖ ಮಾಡಿಕೊಂಡು ಕೂತಿದ್ದರು. ಕಂಬಂನಿಂದ ಅತ್ತೆಯನ್ನು ತರುವ ಬಸ್ಸು ತೇನಿಗೆ ಬರುವುದರೊಳಗೆ ಹಿತ್ತಲಿನ ತರಗೆಲೆ ಗುಡ್ಡೆಯನ್ನು ತೆಗೆದುಬಿಟ್ಟರೆ ನನ್ನ ಕೆಲಸ ಮುಗಿದಂತೆ. ಹಂಡೆಯ ಒಲೆಗೆ ಆಗುತ್ತದೆಂದು ತಿಂಗಳಿಂದ ಮಾವಿನ ಮರದ ಬುಡಕ್ಕೆ ತಳ್ಳಿದ್ದೆಲ್ಲ ಅಲ್ಲಿ ದಿಣ್ಣೆಯಾಗಿತ್ತು.

ಪೊರಕೆ ಹಿಡಿದು ಹೋದೆ. ಗುಡ್ಡೆಯೊಳಗಿಂದ ಒಂದು ಎಲೆ ತಾನಾಗಿಯೇ ಮೇಲಕ್ಕೆ ಹಾರಿತು. ಹಿಂದೆಯೇ ಇನ್ನೊಂದು. ಆಮೇಲೆ ಎಲೆಗಳ ನಡುವಿನಿಂದ, ಮದುವೆಮನೆಗೆ ಹೊರಟಂತೆ ಉಟ್ಟುತೊಟ್ಟ ಪುಟ್ಟ ಹಕ್ಕಿಯೊಂದು ಕುಪ್ಪಳಿಸಿ ಹೊರಗೆ ಬಂತು. ಹಸಿರು ಬೆನ್ನು, ಕಣ್ಣಿಗೆ ಕಾಡಿಗೆಯ ಪಟ್ಟಿ, ರೆಕ್ಕೆಯಲ್ಲಿ ನೀಲಿಯ ತುಣುಕು, ಹೊಟ್ಟೆಯ ಕೆಳಗೆ ಕುಂಕುಮ ಚೆಲ್ಲಿದಂಥ ಕೆಂಪು. ಬಾಲ ಮಾತ್ರ, ಬಟ್ಟೆ ಸಾಲದೆ ಹೋದ ಹಾಗೆ, ಮೋಟು.

ನವರಂಗ! ಇಲ್ಲಿಯ ತಮಿಳರು ಇದನ್ನು ಆರುಮಣಿ ಕುರುವಿ, ಎಂದರೆ ಆರು ಗಂಟೆಯ ಹಕ್ಕಿ, ಎನ್ನುತ್ತಾರೆ. ಬೆಳಗಿನ ಆರಕ್ಕೊಮ್ಮೆ, ಸಂಜೆಯ ಆರಕ್ಕೊಮ್ಮೆ ಸಿಳ್ಳೆ ಹಾಕುವುದರಿಂದ ಆ ಹೆಸರು. ವಾರದಿಂದ ಆ ಸಿಳ್ಳೆಯನ್ನು ನಾನು ಕೇಳುತ್ತಲೇ ಇದ್ದೆ, ಎದುರುಮನೆಯ ಹುಡುಗರ ಪೋಕರಿತನವೆಂದು ಕಿಟಕಿ ಮುಚ್ಚುತ್ತಲೂ ಇದ್ದೆ.

ದಿಂಡಿಗಲ್ಲಿನ ಕಾನ್ವೆಂಟಿನಲ್ಲಿ ನಮಗೆ ಶರತ್ಕಾಲದ ಪಾಠವಿತ್ತು. ಎಲೆಗಳು ಹೊನ್ನಾಗುತ್ತವೆ, ಹಕ್ಕಿಗಳು ದಕ್ಷಿಣಕ್ಕೆ ಹಾರಿಹೋಗುತ್ತವೆ ಎಂದು ಸಿಸ್ಟರ್ ಓದಿಸುವಾಗ, ಪಾಪ ಎಲ್ಲಿಗೆ ಹೋಗುತ್ತವೋ ಎಂದು ಮರುಗುತ್ತಿದ್ದೆ. ಹೋಗುವುದು ನಮ್ಮೂರಿಗೇ ಎಂದು ಯಾರೂ ಹೇಳಲಿಲ್ಲ. ನಮ್ಮಲ್ಲಿ ಎಲೆ ಹೊನ್ನಾಗುವುದಿಲ್ಲ. ಬೋಡಿಮೆಟ್ಟಿನ ಬೆಟ್ಟದ ಮೇಲೆ ಮೋಡ ಕೂತು, ಬಸ್‌ಸ್ಟ್ಯಾಂಡಿನ ಕೊಚ್ಚೆಯ ಪಕ್ಕದಲ್ಲಿ ಬಾಲ ಕುಣಿಸುವ ಸಿಪಿಲೆ ಹಕ್ಕಿ ಕಂಡರೆ ಶರತ್ಕಾಲ ಬಂತೆಂದು ಲೆಕ್ಕ. ಸಮುದ್ರವೂ ನಮಗಿಲ್ಲ. ಆದರೆ ವೈಗೈ ಅಣೆಕಟ್ಟು ಕಟ್ಟಿದ ಮೇಲೆ ದಡವೊಂದು ಸಿಕ್ಕಿದೆ. ಹೋದ ಭಾನುವಾರ ಅಲ್ಲಿ, ಅಲೆಯಂಚಿನಲ್ಲಿ ಕಾಲು ನೆನೆಯದಂತೆ ಓಡುವ ಸಣ್ಣ ಹಕ್ಕಿಗಳನ್ನು ನೋಡಿ ನಾನು ಚಪ್ಪಾಳೆ ತಟ್ಟಿದೆ. ಅವೆಲ್ಲ ಹಾರಿಹೋದವು. ಯಜಮಾನರು ಪೇಪರಿನಿಂದ ತಲೆಯೆತ್ತಿ, “ಕೊಕ್ಕರೆ,” ಎಂದರು. ನೀರಿನ ಹತ್ತಿರ ಇರುವುದೆಲ್ಲ ಅವರಿಗೆ ಕೊಕ್ಕರೆ, ಉಳಿದದ್ದೆಲ್ಲ ಕಾಗೆ.

ಈಗ ಹಿತ್ತಲಿಗೆ ಬನ್ನಿ. ಗುಡ್ಡೆ ತೆಗೆದರೆ ಹಕ್ಕಿ ಹೋಗುತ್ತದೆ. ತೆಗೆಯದಿದ್ದರೆ ನನ್ನ ಮಾನ ಹೋಗುತ್ತದೆ. ತಮಿಳು ಸೀಮೆಯಲ್ಲಿದ್ದರೂ ಕನ್ನಡವನ್ನೇ ಆಡುವ ನಮ್ಮ ಒಕ್ಕಲಿಗರ ಮನೆಗಳಲ್ಲಿ ಸೊಸೆಯ ಗುಣ ಅಳೆಯುವುದು ಹಿತ್ತಲಿನಲ್ಲಿ. ಬಂದ ಹಿರಿಯರು ಮೊದಲು ಕಾಲು ತೊಳೆಯಲು ಹಿಂದಕ್ಕೆ ಹೋಗುತ್ತಾರೆ, ಕಾಲಿನ ಜೊತೆಗೆ ಕಣ್ಣನ್ನೂ ಒಯ್ಯುತ್ತಾರೆ. ಹೋದ ಸಲ ಸಕ್ಕರೆ ಡಬ್ಬಿಯಲ್ಲಿ ಅತ್ತೆ ಕಂಡ ಇರುವೆಗಳು ನನಗಿಂತ ಮೊದಲೇ ಕಂಬಂ ತಲುಪಿದ್ದವು. ಅಲ್ಲಿನ ನೆಂಟರಲ್ಲಿ ನನಗೆ ಹೆಸರೇ ಇಲ್ಲ, ನಾನು ಬರಿಯ “ಕಾನ್ವೆಂಟು”. ಈ ಹಬ್ಬದಲ್ಲಾದರೂ ಅದನ್ನು ಅಳಿಸಿಕೊಳ್ಳಬೇಕೆಂದಿದ್ದೆ.

ಮಾರಾಯ್ರೆ, ಅತ್ತೆಯ ಬಸ್ಸು ಹತ್ತಿರವಾಗುತ್ತಿದ್ದಾಗ ಬುದ್ಧಿ ಹೇಗೆ ಓಡುತ್ತದೆ ನೋಡಿ! ಪೂಜೆಗಿಟ್ಟು ಕುಂಕುಮ ಹಚ್ಚಿದ ಸಾಮಾನನ್ನು ಮರುದಿನ ಬೆಳಗಿನವರೆಗೆ ಯಾರೂ ಎತ್ತುವಂತಿಲ್ಲ. ನಾನು ಓಡಿಹೋಗಿ ಪೊರಕೆಯನ್ನು ತೊಳೆದು, ತಕ್ಕಡಿ, ಈಳಿಗೆಮಣೆಗಳ ಪಕ್ಕದಲ್ಲಿಟ್ಟು, ಹಿಡಿಯಿಂದ ತುದಿಯವರೆಗೆ ಕುಂಕುಮ ಬಳಿದೆ. ಸೇವಂತಿಗೆಯನ್ನೂ ಸಿಕ್ಕಿಸಿದೆ.

ಅತ್ತೆ ಬಂದರು. ಅಂಗಳದಲ್ಲೇ ಚೆಂಬಿನಲ್ಲಿ ನೀರು ಹಿಡಿದು ನಿಂತೆ.

“ಏನ್ ಪುಳ್ಳೆ, ಹಿತ್ಲಿಗೆ ಬಿಡಾಕಿಲ್ವಾ? ಹುಲಿ ಗಿಲಿ ಕಟ್ಟಿದ್ದೀಯಾ?” ಎನ್ನುತ್ತ ನನ್ನನ್ನು ದಾಟಿಕೊಂಡೇ ಹೋದರು. ಗುಡ್ಡೆ ಕಂಡಿತು. “ಪೊರಕೆ ಎಲ್ಲಿ?”

“ಪೂಜೆಗಿಟ್ಟಿದೀನಿ ಅತ್ತೆ.”

“ಪೊರಕೇನಾ?”

“ಅವರ ಆಯುಧ ತಕ್ಕಡಿ. ನನ್ನ ಕೈಲಿರೋದು ಅದೊಂದೇ ಅಲ್ವಾ ಅತ್ತೆ.”

ಅತ್ತೆ ಒಳಗೆ ಇಣುಕಿದರು. ಸೇವಂತಿಗೆ ಮುಡಿದ ಪೊರಕೆಯನ್ನು ನೋಡಿದರು, ನನ್ನನ್ನೂ ನೋಡಿದರು. “ಸರಿ, ಪೊರಕೆ ಇಲ್ಲಾಂದ್ರೆ ಕೈಯೂ ಇಲ್ವಾ?” ಎಂದು ಸೆರಗು ಸಿಕ್ಕಿಸಿ ಗುಡ್ಡೆಗೆ ಬಾಗಿಯೇಬಿಟ್ಟರು. ಮುಗಿಯಿತು ಎಂದುಕೊಂಡೆ. ಹಕ್ಕಿಯೂ ಹೋಯಿತು, ಹಬ್ಬದ ದಿನ ಅತ್ತೆಯ ಕೈಯಲ್ಲಿ ಕಸ ಬಳಿಸಿದವಳೆಂಬ ಕೀರ್ತಿಯೂ ಬಂತು.

ಅತ್ತೆ ಮಾತ್ರ ಬಾಗಿದವರು ಬಾಗಿದಂತೆಯೇ ಉಳಿದರು. ಹಿಡಿ ತುಂಬ ಎಲೆ. ಅವರ ಕೈಯಳತೆಯಲ್ಲೇ ಹಕ್ಕಿ, ಎಲೆಯೊಂದನ್ನು ಕೊಕ್ಕಿನಿಂದ ಎತ್ತಿ ಹಿಂದಕ್ಕೆಸೆದು ಹುಳು ಹೆಕ್ಕುತ್ತಿತ್ತು.

“ಯಾರ ಮನೇದು ಇದು?” ಎಂದರು ಅತ್ತೆ, ಉಸಿರಿನಲ್ಲಿ.

“ಬಹಳ ದೂರದ್ದು ಅತ್ತೆ. ವಡಕ್ಕಿಂದ, ಉತ್ತರದ ಕಾಡಿಂದ ಹಾರ್ಕೊಂಡು ಬಂದದೆ.”

“ಒಬ್ಬಳೇಯಾ?” ಸ್ವಲ್ಪ ಹೊತ್ತು ನೋಡಿದರು. ಹೆಣ್ಣು ನೋಡಲು ಹೋದವರ ಕಣ್ಣು ಅದು, ಅದರ ಬಿಸಿ ನನಗೆ ಗೊತ್ತು. “ಹಸರು ಸೀಲೆ ಚಂದಾಗೈತೆ. ಆದ್ರೆ ತಿನ್ನೋದ್ ನೋಡು, ಎಲ್ಲಾ ಕೆದರಿ ಕೆದರಿ ಬಿಸಾಕ್ತಾಳೆ. ಇವ್ಳ್ ಅತ್ತೆ ಏನ್ ಕಲಿಸಿದ್ಲೋ!”

ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ನನ್ನ ಮೊಣಕೈ ಚಿವುಟಿದರು. ಆಮೇಲೆ ಹಿಡಿಯಲ್ಲಿದ್ದ ಎಲೆಗಳನ್ನು, ಮಲಗಿಸಿದ ಮಗುವಿಗೆ ಹೊದಿಸುವ ಹಾಗೆ, ಗುಡ್ಡೆಯ ಮೇಲೆಯೇ ಇಟ್ಟು ಹಿಂದಕ್ಕೆ ಸರಿದರು.

ಅಂದು ಪೂಜೆ ಎಷ್ಟು ಬೇಗ ಮುಗಿಯಿತೆಂದರೆ ದೇವರಿಗೂ ಆಶ್ಚರ್ಯವಾಗಿರಬೇಕು. ನೈವೇದ್ಯದ ಕಡಲೆ ಸುಂಡಲ್ ಕೇಳಿಕೊಂಡು ಹಿತ್ತಲಿಗೆ ಬಂದ ಯಜಮಾನರನ್ನು ಅವರ ತಾಯಿಯೇ ಕೈಬೀಸಿ ಒಳಗೆ ಅಟ್ಟಿದರು. ಹೋಗುವ ಮುನ್ನ ಯಜಮಾನರೂ ಹಕ್ಕಿಯನ್ನು ನೋಡಿದರು. ಕಾಗೆ ಎನ್ನಲು ಬಾಯಿ ಬರಲಿಲ್ಲ, ಅಷ್ಟರಮಟ್ಟಿಗೆ ಅದೊಂದು ಪವಾಡ.

ಇಳಿಹೊತ್ತಿಗೆ ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು, ನನಗೂ ಜಾಗ ಬಿಟ್ಟರು. ಅವರ ಪಕ್ಕದಲ್ಲಿ ನಾನು ಎಂದೂ ಅಷ್ಟು ಹೊತ್ತು ಕೂತವಳಲ್ಲ. ಹೊತ್ತು ಮುಳುಗುವಾಗ ಹಕ್ಕಿ ಮಾವಿನ ಕೊಂಬೆಗೇರಿ, ತಲೆ ಹಿಂದಕ್ಕೆಸೆದು ಸಿಳ್ಳೆ ಹಾಕಿತು. ಎರಡು ಬೀದಿಯಾಚೆಯ ತೋಪಿನಿಂದ ಇನ್ನೊಂದು ಸಿಳ್ಳೆ ಬಂತು. ಅತ್ತೆ ನನ್ನ ಕೈ ಹಿಡಿದುಕೊಂಡರು. “ಒಬ್ಬಳೇ ಅಲ್ಲ ಕಣೇ,” ಎಂದು ತುಟಿಯಲ್ಲೇ ಹೇಳಿದರು. ಆಮೇಲೆ ಇಬ್ಬರೂ ಉಸಿರು ಬಿಗಿಹಿಡಿದು, ಮೂರನೆಯ ಸಿಳ್ಳೆಗೆ ಕಾಯುತ್ತ ಕೂತೆವು.

ಪಕ್ಕದ ಮನೆಯ ಮುತ್ತಮ್ಮಾಳ್ ಗೋಡೆಯ ಮೇಲಿಂದ ತಲೆ ಹಾಕಿ, ಒಣಗಿದ ಬಟ್ಟೆಗಳನ್ನು ತೆಗೆದುಕೊಳ್ಳುತ್ತ, ತನ್ನ ತಮಿಳಿನಲ್ಲಿ ಹೇಳಿದಳು: “ಏನಮ್ಮಾ, ಅತ್ತೆ ಬಂದ ದಿನವೇ ಜಗಳವಾ? ಆಗಲಿಂದ ನೋಡ್ತಿದೀನಿ, ಒಬ್ಬರಿಗೊಬ್ಬರು ಒಂದು ಮಾತೂ ಆಡ್ತಿಲ್ಲವಲ್ಲ!”