ತುಡಿಯಲೂರಿನಲ್ಲಿ ಒಂದು ಗೋಲು

ತುಡಿಯಲೂರಿನ ಶಾಲೆಯ ಮೈದಾನದಲ್ಲಿ ನಾನು ಹೊಡೆದ ಮೊದಲ ಚೆಂಡು ಎದುರಿನ ಕಲ್ಲುಗೋಡೆಗೆ ಬಡಿದು, ಹೋದಷ್ಟೇ ವೇಗದಲ್ಲಿ ತಿರುಗಿ ಬಂದು ನನ್ನ ಮೊಣಕಾಲಿನ ಚಿಪ್ಪಿಗೇ ಬಿತ್ತು. ಸಾಲಾಗಿ ನಿಂತಿದ್ದ ಹುಡುಗಿಯರು ಹೊಸ ಆಟದ ಟೀಚರ್ ಒಂಟಿಗಾಲಿನಲ್ಲಿ ಕುಪ್ಪಳಿಸುವುದನ್ನು ನೋಡಿ, ಇದೂ ಹಾಕಿಯ ಪಾಠವೇ ಇರಬೇಕೆಂದು ಗಂಭೀರವಾಗಿ ನಿಂತಿದ್ದರು. ಒಬ್ಬಳಂತೂ ತಾನೂ ಒಂದು ಕಾಲು ಎತ್ತಿ ನೋಡಿದಳು.

ನಮ್ಮ ಗದಗಿನಲ್ಲಿ ಇದು ಆಗುವ ಮಾತಲ್ಲ. ಸ್ಟೇಶನ್ನಿನ ಹಿಂದಿನ ಬಯಲಿನ ಎರೆಮಣ್ಣು ನಿಮಗೆ ಗೊತ್ತೇ ಇದೆ. ಚೆಂಡನ್ನು ಹತ್ತು ಮಾರು ಓಡಿಸಬೇಕಾದರೆ ಕೋಲನ್ನು ಹೆಗಲ ಮಟ್ಟಕ್ಕೆ ಎತ್ತಿ, ಅಪ್ಪನ ಮೇಲಿನ ಸಿಟ್ಟನ್ನೂ ಸೇರಿಸಿ ಹೊಡೆಯಬೇಕು. ಅಷ್ಟಾದರೂ ಚೆಂಡು ತನಗೆ ಮನಸ್ಸಿದ್ದಷ್ಟೇ ದೂರ ಹೋಗುತ್ತದೆ. ಕೊಯಮತ್ತೂರು ಸೀಮೆಯ ಕೆಂಪು ಗರಸು ನೆಲ ಹಾಗಲ್ಲ. ಬಿಸಿಲಿಗೆ ಬೆಂದು ಹಂಚಿನಂತಾಗಿರುತ್ತದೆ. ಮುಟ್ಟಿದರೆ ಸಾಕು, ಚೆಂಡು ಓಡುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನೀವು ನಗಬಹುದು. ನಾನೂ ಬಂದ ಹೊಸತರಲ್ಲಿ ತಿಂಗಳುಗಟ್ಟಲೆ ನೆಲವನ್ನೇ ಬೈದೆ.

ಎಂಬತ್ತರ ದಶಕ ಕಾಲಿಟ್ಟು ಒಂದೆರಡು ವರ್ಷವಾಗಿದ್ದಾಗ ಇಲ್ಲಿಗೆ ಬಂದವಳು ನಾನು. ಮದ್ರಾಸಿನಲ್ಲಿ ದೈಹಿಕ ಶಿಕ್ಷಣದ ತರಬೇತಿ ಮುಗಿಸಿದ್ದೆ. ಈ ಹೆಣ್ಣುಮಕ್ಕಳ ಶಾಲೆಯವರಿಗೆ ಹಾಕಿ ಆಡಿ ಗೊತ್ತಿದ್ದ ಟೀಚರ್ ಬೇಕಾಗಿತ್ತು. ಊರಲ್ಲಿ ಕೆಲಸ ಸಿಗಲಿಲ್ಲ, ಇಲ್ಲಿ ಸಿಕ್ಕಿತು, ಅಷ್ಟೇ ಕತೆ. ಕಲಿತಿದ್ದ ಮದ್ರಾಸಿನ ತಮಿಳನ್ನು ಗರ್ವದಿಂದ ಹೊತ್ತು ತಂದರೆ ಇಲ್ಲಿಯವರು ಅದನ್ನು ಕೇಳಿ ಬಾಯಿಗೆ ಸೆರಗು ಇಟ್ಟುಕೊಂಡರು. ಇಲ್ಲಿ ಮಾತಿನ ಕೊನೆಗೆ ‘ಂಗೊ’ ಅಂಟಿಸದೆ ಯಾರನ್ನೂ ಕರೆಯುವಂತಿಲ್ಲ. ಬಾ ಅನ್ನುವುದಕ್ಕೆ ‘ವಾಂಗೊ’, ಹೇಳು ಅನ್ನುವುದಕ್ಕೆ ‘ಸೊಲ್ಲುಂಗೊ’. ನಮ್ಮ ‘ರೀ’ ಇದ್ದ ಹಾಗೆ. ಅದು ತಿಳಿದ ದಿನ ಸ್ವಲ್ಪ ಸಮಾಧಾನವಾಯಿತು. ಮರ್ಯಾದೆ ಎರಡೂ ಕಡೆ ಮಾತಿನ ಬಾಲದಲ್ಲೇ ಇದೆ.

ಮನೆ ಸಿಕ್ಕಿದ್ದು ಒಂದು ‘ಲೈನ್ ವೀಡಿ’ನಲ್ಲಿ. ಒಂದೇ ಸೂರಿನಡಿ ಸಾಲಾಗಿ ಕಟ್ಟಿದ ಮನೆಗಳು, ನಮ್ಮ ವಠಾರದಂತೆ. ಪಕ್ಕದ ಮನೆಯ ಸೌಡಮ್ಮಕ್ಕನೇ ಮಾಲಕಿ, ನೇಕಾರರು. ಮೊದಲ ಸಂಜೆ ಗೋಡೆಯಾಚೆಯಿಂದ ಕುಣಿಮಗ್ಗದ ಸದ್ದು ಕೇಳಿದಾಗ ನಮ್ಮೂರ ಪಕ್ಕದ ನೇಕಾರರ ಬೆಟಗೇರಿಗೇ ಬಂದೆನೇನೋ ಅನ್ನಿಸಿತು. ಅದರ ಹಿಂದೆಯೇ, “ಏ ನಾಗಮಣಿ, ಕದ ಹಾಕ್ಕ ಬಾ, ಸೊಳ್ಳೆ ಬತ್ತದೆ” ಎಂಬ ಕನ್ನಡವೂ ಕೇಳಿತು. ನಾನು ಬರಿಗಾಲಿನಲ್ಲೇ ಓಡಿದೆ.

“ನೀವು ಕನ್ನಡದವ್ರೇನ್ರಿ?” ಎಂದು ಕೇಳಿದೆ.

“ನಮ್ದು ಕನ್ನಡಂ ತಾನೇ ಕಣ್ಣು. ನಮ್ಮ ತಾತನ ತಾತನ ಕಾಲಕ್ಕೇ ಇಲ್ಲಿ ವಂದುಟ್ಟವ್ರು” ಎಂದಳು ಅಕ್ಕ. ‘ಕಣ್ಣು’ ಎಂದರೆ ಇಲ್ಲಿ ಮುದ್ದಿನ ಮಾತು, ನಾವು ‘ಬಂಗಾರ’ ಅನ್ನುವಂತೆ. ಆಮೇಲೆ ಅವಳು ಆಡಿದ್ದರಲ್ಲಿ ಅರ್ಧ ನನಗೆ ತಿಳಿಯಲಿಲ್ಲ. ನಾನು ಆಡಿದ ಧಾರವಾಡದ ಕಡೆಯ ಮಾತು ಅವಳಿಗೆ ಅಷ್ಟೂ ತಿಳಿಯಲಿಲ್ಲ. ಅವಳ ಮಗಳು ನಾಗಮಣಿ ನನ್ನ ಶಾಲೆಯಲ್ಲೇ ಒಂಬತ್ತನೆಯ ತರಗತಿ. ಮನೆಯಲ್ಲಿ ಕನ್ನಡ ಆಡುತ್ತಾಳೆ, ಕನ್ನಡದ ಒಂದು ಅಕ್ಷರ ಓದಲು ಬಾರದು. ನನ್ನ ಬಳಿ ಇದ್ದ ವಾರಪತ್ರಿಕೆಯನ್ನು ತಿರುಗಿಸಿ ನೋಡಿ, “ನಮ್ಮ ಮಾತು ಬರ್ದ್ರೆ ಇಷ್ಟು ಉರುಟಾ ಇರುತ್ತಾ ಟೀಚರ್?” ಎಂದಿದ್ದಳು.

ಊಟದ ಸುದ್ದಿ ಕೇಳಿದರೆ ಏನು ಹೇಳಲಿ. ಅಕ್ಕಿಬೇಳೆಯನ್ನು ಒಟ್ಟಿಗೆ ಬೇಯಿಸಿ ತುಪ್ಪ ಹಾಕಿಕೊಡುತ್ತಾರೆ, ರುಚಿಯಾಗಿಯೇ ಇರುತ್ತದೆ. ನೀರೂ ಸಿಹಿ. ದೂರಲು ಏನೂ ಸಿಗದಿದ್ದುದೇ ನನಗೆ ಕಷ್ಟವಾಯಿತು. ಸಂತೆಯಲ್ಲಿ ಜೋಳ ಹುಡುಕಿ, ಬೀಸಿಸಿ, ರೊಟ್ಟಿ ಬಡಿದು ಅಕ್ಕನ ದೋಸೆಕಲ್ಲಿನ ಮೇಲೆ ಬೇಯಿಸಿದ ದಿನ ಇಡೀ ಲೈನಿನ ಹೆಂಗಸರು ಸದ್ದು ಕೇಳಿ ಬಂದು ನಿಂತಿದ್ದರು. ರೊಟ್ಟಿ ಉಬ್ಬಿತು. ಅದು ಈ ಊರಿನಲ್ಲಿ ನಾನು ಗೆದ್ದ ಮೊದಲ ಪಂದ್ಯ.

ಆದರೂ ಕಾಲು ನಿಲ್ಲುತ್ತಿರಲಿಲ್ಲ. ರವಿವಾರ ಬಂದರೆ ಕೊಯಮತ್ತೂರಿನ ಗಾಂಧಿಪುರಕ್ಕೆ ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಮೈಸೂರಿನ ಬಸ್ಸು ಬರುವ ಕಡೆ ಸುಮ್ಮನೆ ನಿಲ್ಲುತ್ತಿದ್ದೆ. ಬೋರ್ಡಿನ ಕನ್ನಡ ಓದಿಕೊಂಡು, ಒಂದು ಕಾಫಿ ಕುಡಿದು ವಾಪಸು ಬರುತ್ತಿದ್ದೆ. ಟ್ರಂಕಿನಿಂದ ಸೀರೆಗಳನ್ನು ಹೊರಗೆ ತೆಗೆದಿಡಲೇ ಇಲ್ಲ. ಬೇಕಾದಾಗ ಒಂದು ಎಳೆದುಕೊಳ್ಳುವುದು, ಒಗೆದು ಮತ್ತೆ ಅದರಲ್ಲೇ ಹಾಕುವುದು. ಕೆಲಸ ಹೇಗೂ ತಾತ್ಕಾಲಿಕ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಆ ತಾತ್ಕಾಲಿಕದ ಗಂಟು ಬಿದ್ದಿದ್ದು ಹಾಕಿಗೇ. ಮೊದಲ ವರ್ಷ ನಮ್ಮ ತಂಡ ಆಡಿದ ಒಂದು ಪಂದ್ಯದಲ್ಲೂ ಗೋಲು ಹೊಡೆಯಲಿಲ್ಲ. ಕಾರಣ ನಾನೇ. ಊರಿನಲ್ಲಿ ನಾನು ಆಡುತ್ತಿದ್ದದ್ದು ಬ್ಯಾಕ್ ಸ್ಥಾನದಲ್ಲಿ. ಬಂದ ಚೆಂಡನ್ನು ತಡೆ, ಕೋಲು ಎತ್ತಿ ದೂರ ಬಿಸಾಕು, ಗೋಲು ಮುಂದಿನವರ ಚಿಂತೆ. ನನಗೆ ಗೊತ್ತಿದ್ದದ್ದನ್ನೇ ಕಲಿಸಿದೆ. ಹನ್ನೊಂದು ಹುಡುಗಿಯರೂ ಬ್ಯಾಕ್‌ಗಳಾದರು. ಗೋಲಿನ ಮುಂದಿನ ಅರ್ಧಚಂದ್ರ, ಅಂದರೆ ‘ಡಿ’ ಒಳಗೆ ಚೆಂಡು ಸಿಕ್ಕರೂ ಕೋಲನ್ನು ಆಕಾಶಕ್ಕೆ ಎತ್ತುವರು. ಅದು ಕೆಳಗೆ ಬರುವಷ್ಟರಲ್ಲಿ ಎದುರಾಳಿ ಚೆಂಡು ತೆಗೆದುಕೊಂಡು ಹೋಗಿರುತ್ತಿದ್ದಳು.

ಹೆಡ್ ಮಿಸ್ ನನ್ನನ್ನು ಕೋಣೆಗೆ ಕರೆದರು. ಕೆಟ್ಟ ಹೆಂಗಸಲ್ಲ, ಆದರೆ ಮಾತು ನೇರ. ದಸರಾ ಮುಗಿಯುವುದರೊಳಗೆ “ಒರು ಗೋಲಾವದು ಪೋಡುಂಗೊ ಟೀಚರ್” ಎಂದರು. ಒಂದು ಗೋಲಾದರೂ ಹಾಕಿ ಎಂದು. ಇಲ್ಲದಿದ್ದರೆ ಮೈದಾನ ತ್ರೋಬಾಲಿಗೆ, ಅದಕ್ಕೆ ಬೇರೆ ಟೀಚರ್ ಆಗಲೇ ಇದ್ದಾರೆ. ಗೋಲಾದರೆ ಹಾಕಿಯೂ ಉಳಿಯುತ್ತದೆ, ನನ್ನ ಕೆಲಸವೂ ಕಾಯಂ.

ನಿಜ ಹೇಳಿಬಿಡುತ್ತೇನೆ. ಕೋಣೆಯಿಂದ ಹೊರಗೆ ಬರುವಾಗ ನನಗೆ ಹಗುರವಾಗಿತ್ತು. ಗೋಲಾಗದಿದ್ದರೆ ಯಾರ ಮುಂದೆಯೂ ತಲೆ ತಗ್ಗಿಸದೆ ಊರಿಗೆ ಹೋಗಬಹುದು, ಅವರೇ ಕಳಿಸಿದರು ಎನ್ನಬಹುದು. ಮರುಕ್ಷಣವೇ ನಾಗಮಣಿಯ ಮುಖ ನೆನಪಾಗಿ ನಾಚಿಕೆಯಾಯಿತು. ಅವಳಿಗೆ ಹಾಕಿ ಇಲ್ಲದಿದ್ದರೆ ಸಂಜೆಯೆಲ್ಲ ಕಂಡಿಕೆ ಸುತ್ತುವುದೇ; ಅಂದರೆ ಮಗ್ಗದ ಲಾಳಿಯೊಳಗೆ ಇಡುವ ನೂಲಿನ ಉರುಳೆ ತುಂಬುವ ಕೆಲಸ.

ಹಾಗಾಗಿ ಮೊದಲು ನಾನೇ ಹೊಡೆಯುವುದನ್ನು ಕಲಿಯಲು ಹೊರಟೆ. ಬೆಳಿಗ್ಗೆ ಶಾಲೆ ತೆರೆಯುವ ಮುಂಚೆ ಗೋಲಿನ ಎರಡೂ ಮೂಲೆಗೆ ಗೋಣಿಚೀಲ ಕಟ್ಟಿ, ಡಿ ಒಳಗಿಂದ ಹೊಡೆಯುತ್ತಿದ್ದೆ. ತಪ್ಪುಗಳು ಒಂದೊಂದಾಗಿ ಕಾಣತೊಡಗಿದವು. ನಾನು ಚೆಂಡನ್ನು ನೋಡುತ್ತಲೇ ಇರಲಿಲ್ಲ, ಹೊಡೆಯುವ ಮೊದಲೇ ಕಣ್ಣು ಗೋಲಿಗೆ ಹೋಗುತ್ತಿತ್ತು. ಎಡಗಾಲು ಚೆಂಡಿನ ಪಕ್ಕಕ್ಕೆ ಬರುತ್ತಿರಲಿಲ್ಲ, ಹಿಂದೆಯೇ ಉಳಿಯುತ್ತಿತ್ತು. ಮೈಯ ಭಾರವೂ ಅಲ್ಲೇ. ಅದನ್ನು ಸರಿಮಾಡಿಕೊಂಡ ಮೇಲೆ ತಿಳಿಯಿತು, ಈ ನೆಲಕ್ಕೆ ಬಲ ಬೇಕಾಗಿಲ್ಲ, ಚುರುಕು ಬೇಕು. ಕೋಲು ಹಿಂದಕ್ಕೆ ಒಂದು ಗೇಣು ಹೋದರೆ ಸಾಕು, ಮಿಕ್ಕದ್ದು ಮಣಿಕಟ್ಟಿನ ಕೆಲಸ. ಬಂದ ಚೆಂಡನ್ನು ನಿಲ್ಲಿಸಲೂಬಾರದು. ಗೋಲಿನ ಬುಡದ ಹಲಗೆಗೆ ಚೆಂಡು ತಾಗಿದಾಗ ‘ಧಡ್’ ಅನ್ನುತ್ತದೆ. ಆ ಸದ್ದು ಕೇಳಿದ ಬೆಳಿಗ್ಗೆ ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡೆ.

ಆದರೆ ಹುಡುಗಿಯರಿಗೆ ನಾನೇ ಹತ್ತಿಸಿದ ಚಟವನ್ನು ಬಿಡಿಸುವುದು ನನ್ನಿಂದ ಆಗಲಿಲ್ಲ. ಅವರಲ್ಲಿ ಹೆಚ್ಚಿನವರು ನೇಕಾರರ ಮಕ್ಕಳು, ಸಂಜೆ ಮನೆಯಲ್ಲಿ ಕೆಲಸ. ಇಲ್ಲಿಯ ನೇಕಾರರು ಅಮಾವಾಸ್ಯೆಯ ದಿನ ಮಗ್ಗಕ್ಕೆ ಇಳಿಯುವುದಿಲ್ಲ. ಹಾಗಾಗಿ ನನ್ನ ತಂಡ ಪೂರ್ತಿಯಾಗಿ ಸೇರುತ್ತಿದ್ದದ್ದೂ ಅಮಾವಾಸ್ಯೆಗೇ. ಊರಲ್ಲಿ ಅಮಾವಾಸ್ಯೆಯೆಂದರೆ ಯಾವ ಶುಭಕಾರ್ಯಕ್ಕೂ ಕೈಹಾಕದ ನಾನು ಇಲ್ಲಿ ಅದರ ದಾರಿ ಕಾಯುವಂತಾಯಿತು. ಬೈದೆ, ಬೇಡಿಕೊಂಡೆ, ಮೊಣಕೈ ಮೇಲೇಳದಂತೆ ರಿಬ್ಬನ್ ಕಟ್ಟಿ ನೋಡಿದೆ. ಅಭ್ಯಾಸದಲ್ಲಿ ತಗ್ಗಿಸಿದ ಕೋಲು ಆಟ ಬಿಸಿಯಾದ ಕೂಡಲೇ ಮತ್ತೆ ಮೇಲೆ.

ಕೊನೆಯ ಅವಕಾಶವಾಗಿ ಕೊಯಮತ್ತೂರಿನ ಒಂದು ಶಾಲೆಯ ಜೊತೆ ವಿಜಯದಶಮಿಯ ದಿನ ಪಂದ್ಯ ಗೊತ್ತಾಯಿತು. ಹಿಂದಿನ ದಿನ ಆಯುಧಪೂಜೆ. ನಾಗಮಣಿ ಹನ್ನೊಂದು ಕೋಲುಗಳನ್ನೂ ಪೂಜೆಗೆಂದು ಮನೆಗೆ ಹೊತ್ತುಕೊಂಡು ಹೋಗಿದ್ದಳು. ನಾನು ಬೇಡ ಅನ್ನಲಿಲ್ಲ. ನಮ್ಮಲ್ಲೂ ಖಂಡೇಪೂಜೆಗೆ ಕುಡಗೋಲು, ಕೊಡಲಿ ಇಡುವುದಿಲ್ಲವೇ. ಒಮ್ಮೆ ಪೂಜೆಗೆ ಇಟ್ಟ ಮೇಲೆ ಮಾರನೆಯ ಬೆಳಿಗ್ಗೆ ಮರುಪೂಜೆಯಾಗುವ ತನಕ ಯಾರೂ ಮುಟ್ಟುವಂತಿಲ್ಲ. ಮುಟ್ಟಿದ್ದು ಬಸ್ಸಿಗೆ ಹೊರಡುವ ಹೊತ್ತಿಗೆ. ಕೈಗೆತ್ತಿಕೊಂಡ ಕೋಲು ಹಸಿಮೀನಿನಂತೆ ಜಾರಿತು.

“ಅಕ್ಕಾರ, ಏನ್ ಹಚ್ಚೀರಿ ಇದಕ್ಕ?”

“ವೆಳಕ್ಕೆಣ್ಣೆ ಕಣ್ಣು” ಎಂದಳು ಸೌಡಮ್ಮಕ್ಕ, ಹರಳೆಣ್ಣೆಗೆ ಇಲ್ಲಿ ಅದೇ ಹೆಸರು. “ಲಾಳಿಗೆ ಎಣ್ಣೆ ಹಾಕ್ದೆ ಪೂಜೆಗೆ ಇಡ್ತೀವಾ? ಜಾರ್ಲಿ, ಸರಸರಾ ಓಡ್ಲಿ ಅಂತ ತಾನೇ ಎಣ್ಣೆ. ನಿಮ್ಮ ಮಟ್ಟೆಗೂ ಚೆನ್ನಾಗಿ ಕುಡ್ಸಿದೀನಿ, ಹಿಡಿ ಬಟ್ಟೆಗೂ.” ಮಟ್ಟೆ ಎಂದರೆ ಕೋಲು. ಲಾಳಿ ಕೈಯಿಂದ ಜಾರಿ ಓಡಬೇಕು, ಹಾಕಿ ಕೋಲು ಕೈಯಲ್ಲೇ ಇರಬೇಕು ಎಂದು ಅವಳಿಗೆ ಹೇಳುವವರು ಯಾರಿದ್ದರು. ಅವಳ ಮುಖದಲ್ಲಿದ್ದ ಸಂತೋಷ ನೋಡಿ, ಕೋಲುಗಳನ್ನು ಹಾಗೆಯೇ ಅವುಚಿಕೊಂಡು ಬಸ್ಸಿಗೆ ಹೊರಟೆ.

ಬಸ್ಸಿನಲ್ಲಿ ಎಲ್ಲರೂ ದಾವಣಿಯ ಸೆರಗಿನಿಂದ ಉಜ್ಜಿದರು. ಮೈದಾನದಲ್ಲಿ ಮಣ್ಣು ಹಾಕಿ ಉಜ್ಜಿದರು. ಮರ ಒಣಗಿತು, ಹಿಡಿಗೆ ಸುತ್ತಿದ್ದ ಬಟ್ಟೆ ಮಾತ್ರ ಎಣ್ಣೆ ಕಾರುತ್ತಲೇ ಇತ್ತು. ಮೊದಲರ್ಧದಲ್ಲಿ ಒಬ್ಬಳು ರೂಢಿಯಂತೆ ಕೋಲು ಎತ್ತಿ ಬೀಸಿದ್ದೇ ತಡ, ಕೋಲು ಕೈಬಿಟ್ಟು ಹಾರಿ ಅಂಪೈರ್ ಕಾಲಬಳಿ ಬಿತ್ತು. ಇನ್ನೊಮ್ಮೆ ಹಾರಿದರೆ ಆಟ ನಿಲ್ಲಿಸುತ್ತೇನೆ ಎಂದರು ಅವರು. ಅಷ್ಟರಲ್ಲಿ ನಮ್ಮ ಮೇಲೆ ಎರಡು ಗೋಲು ಬಿದ್ದಿತ್ತು.

ವಿರಾಮದಲ್ಲಿ ಹುಡುಗಿಯರು ಅಳುಮುಖ ಮಾಡಿಕೊಂಡು ನನ್ನ ಸುತ್ತ ಕೂತರು. ಸುಮ್ಮನಿದ್ದರೂ ಸಾಕಿತ್ತು. ಸುಮ್ಮನಿದ್ದರೆ ಮುಂದಿನ ತಿಂಗಳು ನಾನು ಗದಗಿನಲ್ಲಿ ಇರುತ್ತಿದ್ದೆ. ಆದರೆ ಕೈ ನನ್ನ ಮಾತು ಕೇಳಲಿಲ್ಲ, ನಾಗಮಣಿಯ ಕೋಲು ಕಸಿದುಕೊಂಡು ಬಟ್ಟೆ ಮುಗಿಯುವ ಕಡೆ, ಬರೀ ಮರವನ್ನು ಹಿಡಿದು ತೋರಿಸಿತು.

“ಇಲ್ಲಿ ಹಿಡೀರಿ, ಕೆಳಗ. ಎರಡೂ ಕೈ ಇಲ್ಲೇ. ಬಗ್ಗಿ ಆಡ್ರಿ.”

“ಇಷ್ಟು ಕೆಳಗೆ ಹಿಡುದ್ರೆ ಕೋಲು ಎತ್ತಕೇ ಆಗದಿಲ್ಲ ಟೀಚರ್” ಎಂದಳು ನಾಗಮಣಿ.

“ಹೌದು, ಎತ್ತಾಕ ಆಗಂಗಿಲ್ಲ” ಎಂದೆ. ಎಷ್ಟೋ ತಿಂಗಳಿಂದ ಗಂಟಲು ಹರಿದುಕೊಂಡು ಹೇಳುತ್ತಿದ್ದದ್ದು ಅಷ್ಟೇ ಆಗಿತ್ತು.

ಎರಡನೆಯ ಅರ್ಧದಲ್ಲಿ ನಮ್ಮವರು ಬಟ್ಟೆ ಒಗೆಯುವವರಂತೆ ಬಗ್ಗಿ ಆಡಿದರು. ಎದುರಿನ ಶಾಲೆಯ ಹುಡುಗಿಯರು ನಕ್ಕರು. ನಗುತ್ತಿರುವಾಗಲೇ ಎಡಗಡೆಯಿಂದ ಒಂದು ಚೆಂಡು ಡಿ ಒಳಗೆ ಬಂತು. ನಾಗಮಣಿ ಅದನ್ನು ನಿಲ್ಲಿಸಲಿಲ್ಲ, ತಲೆ ಎತ್ತಿ ಗೋಲನ್ನು ನೋಡಲಿಲ್ಲ. ಎಡಗಾಲು ಮುಂದಿಟ್ಟು, ಮಣಿಕಟ್ಟು ತಿರುಗಿಸಿ ತಳ್ಳಿದಳು. ಗೋಲ್‌ಕೀಪರ್ ಇನ್ನೂ ಕಾಲು ಚಾಚುತ್ತಿದ್ದಳು; ಹಲಗೆ ‘ಧಡ್’ ಅಂದಿತು.

ನಾವು ಆ ಪಂದ್ಯ ಸೋತೆವು. ಅದು ಯಾರಿಗೂ ನೆನಪಿರಲಿಲ್ಲ. ಹುಡುಗಿಯರು ಮಣ್ಣಿನಲ್ಲಿ ಉರುಳಾಡಿದರು. ಆಟ ನೋಡಲು ಬಂದಿದ್ದ ಹೆಡ್ ಮಿಸ್ ಕೊಡೆ ಹಿಡಿದು ಮೈದಾನದೊಳಗೇ ನಡೆದು ಬಂದು ನನ್ನ ಕೈ ಹಿಡಿದುಕೊಂಡರು. “ಇನಿಮೇ ನೀಂಗ ಇಂಗೇಯೇ ಇರುಂಗೊ” ಎಂದರು. ಇನ್ನು ಮೇಲೆ ನೀವು ಇಲ್ಲೇ ಇರಿ ಎಂದು. ಹೂಂ ಎಂದು ತಲೆಯಾಡಿಸಿದೆ. ಅವರು ಅತ್ತ ಹೋದ ಮೇಲೆ ಗೋಲಿನ ಕಂಬಕ್ಕೆ ಒರಗಿ ನಿಂತೆ, ಕಣ್ಣೀರು ತಡೆಯಲಾಗಲಿಲ್ಲ.

ನಾಗಮಣಿ ಬಂದಳು. ಎಣ್ಣೆ ಮಣ್ಣು ಮೆತ್ತಿದ ಕೈಯಲ್ಲೇ ನನ್ನ ಮುಖ ಒರೆಸಲು ನೋಡಿದಳು.

“ಏನ್ ಟೀಚರ್, ಗೋಲು ಬಿದ್ದದಕ್ಕಾ ಅಳ್ತೀರ? ಬೀಳ್ದೆ ಇದ್ದಿದ್ರೆ ಏನ್ ಮಾಡ್ತಿದ್ರಿ?”

“ಊರಿಗೆ ಹೋಗಿ ಅಳತಿದ್ದೆ” ಎಂದೆ.